ಕುದಿಯುವ ನೀರಿಗೆ ತಡವಾಗಿ ಮುಟ್ಟುವ ಸುದ್ದಿ

ಮೊದಲೇ ಹೇಳಿಬಿಡುತ್ತೇನೆ, ದೋಣಿ ಓಡಲಿಲ್ಲ.

ಹೋದ ಭಾನುವಾರ ಮಂಡ್ಯದ ಒಂದು ಶಾಲೆಯ ಹಾಲ್‌ನಲ್ಲಿ ನಾನು ಕುದಿಯುವ ನೀರಿನ ಬಗ್ಗೆ ಮಾತಾಡಿದೆ. ಬರಲಾಗದ ಕೆಲವರು ಬರೆದು ಕೊಡಿ ಅಂದರು. ರೆಕಾರ್ಡ್ ಮಾಡುತ್ತಿದ್ದ ಫೋನು ಅರ್ಧದಲ್ಲೇ ಚಾರ್ಜ್ ಮುಗಿದು ಆಫ್ ಆಗಿತ್ತು. ಹಾಗಾಗಿ ಮೊದಲರ್ಧ ಆಡಿದ ಹಾಗೇ ಇದೆ, ಉಳಿದದ್ದು ನೆನಪಿನಿಂದ ಬರೆದದ್ದು.

ದೋಣಿ ಅಂದರೆ ನಂಜನಗೂಡು ಜಾತ್ರೆಯಲ್ಲಿ ಕೊಂಡ ತಗಡಿನ ಆಟಿಕೆ. ಒಳಗೆ ಪುಟ್ಟ ಎಣ್ಣೆಬತ್ತಿ ಹಚ್ಚಿ ನೀರಿಗೆ ಬಿಟ್ಟರೆ ಟಪಟಪ ಅನ್ನುತ್ತಾ ತಾನೇ ಓಡುತ್ತದಲ್ಲ, ಅದು. ಹಿಂದಿನ ರಾತ್ರಿ ಮನೆಯ ಬೇಸಿನ್‌ನಲ್ಲಿ ಹತ್ತು ಸಲ ಓಡಿತ್ತು. ವೇದಿಕೆ ಮೇಲೆ, ಅಷ್ಟು ಜನರ ಎದುರು, ಸುಮ್ನೆ ನಿಂತುಬಿಟ್ಟಿತು. ಬತ್ತಿ ಉರಿಯಿತು, ತಗಡು ಕಪ್ಪಾಯಿತು, ಅಷ್ಟೇ. ಮುಂದಿನ ಸಾಲಿನ ಹುಡುಗನೊಬ್ಬ "ಸಾರ್, ಪೆಟ್ರೋಲ್ ಹಾಕಿ" ಅಂದ. ಯಾಕೆ ಓಡಲಿಲ್ಲ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಈಗ ಆಲೆಮನೆಗೆ ಬನ್ನಿ. ಮಂಡ್ಯದವರಿಗೆ ಆಲೆಮನೆ ಅಂದರೆ ಏನು ಅಂತ ನಾನು ವಿವರಿಸಬೇಕಾಗಿಲ್ಲ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆ ತುಂಬಿದೆ, ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ಧಗಧಗ ಉರಿಯುತ್ತಿದೆ. ಚಿಕ್ಕವನಿದ್ದಾಗ ನಾನು ಅಲ್ಲೇ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಬಿಸಿ ಬೆಲ್ಲದ ಆಸೆಗೆ ಅನ್ನಿ. ಆದರೆ ಒಂದು ವಿಷಯ ಆಗಲೇ ಕಣ್ಣಿಗೆ ಬಿದ್ದಿತ್ತು. ಕೊಪ್ಪರಿಗೆ ಒಂದೇ ಸಮನೆ ಕುದಿಯುವುದಿಲ್ಲ. ಬೆಂಕಿ ಜೋರಿರುವ ಕಡೆ ಗುಡ್ಡದ ಹಾಗೆ ಎದ್ದು, ಅಂಚಿಗೆ ಹರಿದು, ಅಲ್ಲಿ ಮತ್ತೆ ಒಳಗೆ ಮುಳುಗುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಇದ್ದಕ್ಕಿದ್ದ ಹಾಗೆ ಉಬ್ಬುತ್ತದೆ, ಮತ್ತೆ ಇಳಿಯುತ್ತದೆ, ಯಾರೋ ಒಳಗೆ ಕೂತು ಉಸಿರಾಡುತ್ತಿರುವ ಹಾಗೆ. ಒಲೆಗೆ ಸಿಪ್ಪೆ ತಳ್ಳುವವನು ಒಂದೇ ಲಯದಲ್ಲಿ ತಳ್ಳುತ್ತಿದ್ದಾನೆ, ಬೆಂಕಿ ಅಷ್ಟೇ ಇದೆ, ಆದರೂ ಮೇಲೆ ಈ ಏರಿಳಿತ. ಎಲ್ಲಿಂದ ಬಂತು ಅದು?

ಕುದಿಯುವ ವ್ಯವಸ್ಥೆಗಳ ದೊಡ್ಡ ತಲೆನೋವು ಇದೇ. ಬಾಯ್ಲರ್ ಆಗಲಿ, ಅಣು ರಿಯಾಕ್ಟರ್ ಆಗಲಿ, ನಾವು ಕೊಡುವ ಬೆಂಕಿ ಒಂದೇ ಸಮ ಇರುತ್ತದೆ, ನಾವು ತಳ್ಳುವ ನೀರೂ ಒಂದೇ ಸಮ ಇರುತ್ತದೆ, ಒಳಗೆ ಹರಿವು ಮಾತ್ರ ತಾನಾಗಿಯೇ ತೂಗಾಡಲು ಶುರು ಮಾಡುತ್ತದೆ.

ಎರಡು ಲೆಕ್ಕ ಹೇಳುತ್ತೇನೆ, ಇವೆರಡು ಸಾಕು. ಒಂದು ಕೆಜಿ ನೀರನ್ನು ಸೊನ್ನೆ ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 419 ಕಿಲೋಜೌಲ್ ಬೇಕು. ಅದೇ ನೀರನ್ನು ಪೂರ್ತಿ ಹಬೆ ಮಾಡಲು 2257. ಅಂದರೆ ಐದು ಪಟ್ಟಿಗಿಂತ ಜಾಸ್ತಿ ಶಾಖ, ಅದೂ ಥರ್ಮಾಮೀಟರ್ ಒಂದು ಡಿಗ್ರಿಯೂ ಮೇಲೇರದೆ. ಶಾಖ ಹೊತ್ತುಕೊಂಡು ಹೋಗಲು ಕುದಿಯುವ ನೀರಿನಷ್ಟು ಗಟ್ಟಿ ಕೂಲಿಯಾಳು ಇನ್ನೊಬ್ಬನಿಲ್ಲ ಅಂತ ಇಂಜಿನಿಯರುಗಳು ಅದರ ಹಿಂದೆ ಬೀಳುವುದು ಇದಕ್ಕೇ. ಎರಡನೆಯದು: ಹಬೆಯಾದ ನೀರು ಸುಮಾರು 1600 ಪಟ್ಟು ಜಾಗ ತಿನ್ನುತ್ತದೆ. ಒಂದು ಲೋಟ ನೀರು, 1600 ಲೋಟ ಹಬೆ. ಇಷ್ಟು ದೊಡ್ಡ ಉಬ್ಬರ ಕಿರಿದಾದ ಕೊಳವೆಯೊಳಗೆ ಆದರೆ ಗಲಾಟೆ ಆಗದೆ ಇರುತ್ತದೆಯೇ? (ಅಂದಹಾಗೆ ನಮ್ಮ ಕಡೆ ನೀರು 100ಕ್ಕೆ ಕುದಿಯುವುದೇ ಇಲ್ಲ. ಮೈಸೂರು ಸಮುದ್ರ ಮಟ್ಟದಿಂದ 770 ಮೀಟರ್ ಮೇಲಿದೆ, ಅಲ್ಲಿ 97 ಚಿಲ್ಲರೆ ಡಿಗ್ರಿಗೇ ಕುದಿ ಬರುತ್ತದೆ. ಪುಸ್ತಕದ 100 ಕಡಲ ತೀರದವರಿಗೆ.)

ಕೊಳವೆಗೆ ಹೋಗುವ ಮೊದಲು ಸುಮ್ನೆ ಒಂದು ಪಾತ್ರೆಯಲ್ಲಿ ಕುದಿಯುವುದನ್ನು ನೋಡೋಣ. ಬೆಂಕಿ ಜಾಸ್ತಿ ಮಾಡಿದಷ್ಟೂ ನೀರು ಶಾಖವನ್ನು ಜಾಸ್ತಿ ಎಳೆದುಕೊಳ್ಳುತ್ತಲೇ ಹೋಗುತ್ತದೆ ಅಂತ ಅನ್ನಿಸುತ್ತದೆ ಅಲ್ವಾ? ಇಲ್ಲ. ಜಪಾನಿನ ಸೆಂಡೈ ಊರಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿರೊ ನುಕಿಯಾಮಾ ಅನ್ನುವವರು ನೀರಿನೊಳಗೆ ಸಣ್ಣ ತಂತಿ ಮುಳುಗಿಸಿ, ಅದಕ್ಕೆ ಕರೆಂಟ್ ಕೊಟ್ಟು, ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡುತ್ತಾ ಹೋದರು. ತಂತಿಯ ಬಿಸಿಯನ್ನು ಅದರ ರೆಸಿಸ್ಟೆನ್ಸ್‌ನಿಂದಲೇ ಅಳೆದರು. 1934ರಲ್ಲಿ ಇದನ್ನು ಪ್ರಕಟಿಸಿದರು. ಒಂದು ಹಂತದವರೆಗೆ ಎಲ್ಲ ಸರಿ. ಗುಳ್ಳೆಗಳು ಏಳುತ್ತವೆ, ತಂತಿ ನೀರಿಗಿಂತ ಕೆಲವೇ ಡಿಗ್ರಿ ಜಾಸ್ತಿ ಬಿಸಿ, ಶಾಖ ಸರಾಗವಾಗಿ ಹೋಗುತ್ತಿದೆ. ಆಮೇಲೆ ಕರೆಂಟ್ ಒಂದು ಚೂರು ಏರಿಸಿದ್ದೇ ತಡ, ತಂತಿ ನೀರಿನೊಳಗೇ ಕೆಂಪಗೆ ಕಾದು ಕರಗಿಹೋಯಿತು! ಸುತ್ತ ನೀರಿದೆ, ಆದರೂ ಕರಗಿತು. ನೈಕ್ರೋಮ್ ತಂತಿ ತಡೆಯಲಿಲ್ಲ, ಪ್ಲಾಟಿನಂ ತಡೆದುಕೊಂಡಿತು.

ಯಾಕೆ ಅಂತ ನಿಮ್ಮ ಅಡುಗೆಮನೆಯಲ್ಲೇ ನೋಡಬಹುದು. ದೋಸೆ ಹಾಕುವ ಮುಂಚೆ ಕಾವಲಿ ಮೇಲೆ ನೀರು ಚಿಮುಕಿಸುತ್ತೀರಲ್ಲ. ಕಾವಲಿ ಹದವಾಗಿದ್ದರೆ ನೀರು ಚುಯ್ ಅಂತ ಆರಿಹೋಗುತ್ತದೆ. ಅತಿಯಾಗಿ ಕಾದಿದ್ದರೆ ಹನಿ ಆರುವುದೇ ಇಲ್ಲ, ಮುತ್ತಿನ ಹಾಗೆ ಗುಂಡಗಾಗಿ ಓಡಾಡುತ್ತದೆ. ಹನಿಯ ಅಡಿಗೆ ಹಬೆಯ ಪದರ ಕೂತಿರುತ್ತದೆ, ಕಾವಲಿಗೂ ನೀರಿಗೂ ಮುಟ್ಟಾಟವೇ ಇಲ್ಲ. 1756ರಲ್ಲೇ ಜರ್ಮನಿಯ ಲೈಡೆನ್‌ಫ್ರಾಸ್ಟ್ ಅನ್ನುವ ವೈದ್ಯರು ಕೆಂಪಗೆ ಕಾದ ಕಬ್ಬಿಣದ ಚಮಚದಲ್ಲಿ ಇದನ್ನು ನೋಡಿ ಬರೆದಿದ್ದಾರೆ. ನುಕಿಯಾಮಾ ಅವರ ತಂತಿಗೆ ಆದದ್ದೂ ಇದೇ. ಗುಳ್ಳೆಗಳು ಎಷ್ಟು ದಟ್ಟವಾದವು ಅಂದರೆ ಮೇಲಿನಿಂದ ನೀರು ಇಳಿಯಲು ದಾರಿಯೇ ಸಿಗಲಿಲ್ಲ. ತಂತಿಗೆ ಹಬೆಯ ಕಂಬಳಿ ಹೊದಿಸಿದ ಹಾಗಾಯಿತು.

ಮಾಮೂಲಿ ಒತ್ತಡದಲ್ಲಿ ನೀರಿಗೆ ಈ ಮಿತಿ ಚದರ ಸೆಂಟಿಮೀಟರಿಗೆ ಸುಮಾರು 100 ವ್ಯಾಟ್. ನನ್ನ ಮನೆಯ ಬಕೆಟ್ ಕಾಯಿಸುವ ಕಾಯಿಲ್ ಅಳತೆ ಮಾಡಿ ನೋಡಿದೆ, ಹತ್ತರ ಆಸುಪಾಸು ಬಂತು. ಅಂದರೆ ನೀರಿನೊಳಗೆ ಇರುವಷ್ಟು ಹೊತ್ತು ಅದಕ್ಕೆ ಭಯವಿಲ್ಲ. ಆದರೆ ಹಿಂದೊಂದು ಸಲ ಅರ್ಧ ಬಕೆಟ್‌ಗೆ ಕಾಯಿಲ್ ಇಟ್ಟು, ಫೋನ್ ಬಂತು ಅಂತ ಹೊರಗೆ ಹೋಗಿ ಮರೆತೆ. 1500 ವ್ಯಾಟ್ ಕಾಯಿಲ್ ಕುದಿಯುವ ನೀರನ್ನು ಗಂಟೆಗೆ ಎರಡು ಲೀಟರಿಗೂ ಜಾಸ್ತಿ ಹಬೆ ಮಾಡಿ ಹಾರಿಸುತ್ತದೆ. ಬರುವಷ್ಟರಲ್ಲಿ ಮೇಲಿನ ಸುರುಳಿ ನೀರಿನಿಂದ ಹೊರಗೆ ಬಂದು, ಕೆಂಪಾಗಿ, ಟಪ್ ಅಂತ ಒಡೆದಿತ್ತು. ಮನೆಯಾಕೆ ಆವತ್ತು ಏನಂದಳು ಅಂತ ವೇದಿಕೆ ಮೇಲೆ ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ.

ಸರಿ, ಈಗ ಕೊಳವೆ. ಕೆಳಗಿನಿಂದ ನೀರು ಹೋಗುತ್ತದೆ, ದಾರಿಯುದ್ದಕ್ಕೂ ಬೆಂಕಿ, ಮೇಲಿನಿಂದ ಹಬೆ ಬೆರೆತ ನೀರು ಬರುತ್ತದೆ. ಬರೀ ನೀರು ಹರಿಯುವ ಪೈಪಿನಲ್ಲಿ ಲೆಕ್ಕ ಸುಲಭ: ಹರಿವು ಜಾಸ್ತಿ ಆದರೆ ತಳ್ಳುವ ಒತ್ತಡ ಜಾಸ್ತಿ ಬೇಕು, ಕಡಿಮೆ ಆದರೆ ಕಡಿಮೆ ಸಾಕು. ಕುದಿಯುವ ಕೊಳವೆಯಲ್ಲಿ ಒಂದು ಹಂತದಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಹರಿವು ಕಡಿಮೆಯಾದರೆ ಇರುವ ನೀರು ಜಾಸ್ತಿ ಕುದಿಯುತ್ತದೆ, ಹಬೆ ಜಾಸ್ತಿ ಆಗುತ್ತದೆ, ಆ ಹಬೆ ಕಿರಿದಾದ ಜಾಗದಲ್ಲಿ ರಭಸವಾಗಿ ನುಗ್ಗಬೇಕು, ಆದ್ದರಿಂದ ತಡೆ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ಇದನ್ನು ತೋರಿಸಿದ್ದು ಲೆಡಿನೆಗ್ ಅನ್ನುವವರು, 1938ರಲ್ಲಿ. ಅವರ ಹೆಸರಿನಲ್ಲೇ ಈ ಅಸ್ಥಿರತೆಯನ್ನು ಕರೆಯುತ್ತಾರೆ.

ಒಂದೇ ಕೊಳವೆ ಇದ್ದರೆ ಪಂಪು ಹೇಗೋ ಸಂಭಾಳಿಸುತ್ತದೆ. ಬಾಯ್ಲರಿನಲ್ಲಿ ನೂರಾರು ಕೊಳವೆಗಳು ಪಕ್ಕಪಕ್ಕ ನಿಂತಿರುತ್ತವೆ, ಎಲ್ಲಕ್ಕೂ ಹೆಡರ್ ಅನ್ನುವ ಒಂದೇ ದಪ್ಪ ಕೊಳವೆಯಿಂದ ನೀರು. ನಾಲೆಯಿಂದ ನೂರು ಗದ್ದೆಗೆ ನೀರು ಹೋಗುವ ಹಾಗೆ ಅಂದುಕೊಳ್ಳಿ. ಒಂದು ಕೊಳವೆಗೆ ಏನೋ ಕಾರಣಕ್ಕೆ ನೀರು ಸ್ವಲ್ಪ ಕಡಿಮೆ ಹೋಯಿತು. ಅಲ್ಲಿ ಕುದಿ ಜಾಸ್ತಿ ಆಯಿತು, ತಡೆ ಏರಿತು, ಇನ್ನೂ ಕಡಿಮೆ ನೀರು ಬಂತು. ಅದರ ಪಾಲಿನ ನೀರು ಪಕ್ಕದವರಿಗೆ ಹೋಯಿತು. ನಮ್ಮ ಊರಲ್ಲಿ ಹೇಗೋ ಹಾಗೆ, ಇದ್ದವನಿಗೆ ಇನ್ನಷ್ಟು, ಇಲ್ಲದವನಿಗೆ ಇದ್ದದ್ದೂ ಹೋಯಿತು. ಕೊನೆಗೆ ಆ ಕೊಳವೆಯ ಒಳಗೋಡೆ ಒಣಗುತ್ತದೆ. ಆಮೇಲೆ ಆಗುವುದು ನನ್ನ ಕಾಯಿಲ್ ಕತೆಯೇ.

ಇದಕ್ಕೆ ಪರಿಹಾರ ಏನು ಅಂತ ಕೇಳಿದಾಗ ಹಾಲ್‌ನಲ್ಲಿ ಎಲ್ಲರೂ ಒಂದೇ ಉತ್ತರ ಕೊಟ್ಟರು: ಕೊಳವೆ ದೊಡ್ಡದು ಮಾಡಿ. ಇಂಜಿನಿಯರುಗಳು ಮಾಡುವುದು ತದ್ವಿರುದ್ಧ. ಪ್ರತಿ ಕೊಳವೆಯ ಬುಡದಲ್ಲಿ, ನೀರು ಒಳಗೆ ಬರುವ ಕಡೆ, ಸಣ್ಣ ತೂತಿನ ಬಿಲ್ಲೆ ಕೂರಿಸುತ್ತಾರೆ. ಪ್ರತಿ ಗದ್ದೆಗೂ ಒಂದೇ ಅಳತೆಯ ಸಣ್ಣ ತೂಬು ಇಟ್ಟ ಹಾಗೆ. ಮುಖ್ಯವಾದ ತಡೆ ತೂಬಿನಲ್ಲೇ ಇದ್ದರೆ, ಗದ್ದೆಯೊಳಗೆ ಏನು ರಾಮಾಯಣ ನಡೆದರೂ ಪಾಲು ಅಷ್ಟಾಗಿ ಬದಲಾಗುವುದಿಲ್ಲ. ಅದೇ ಬಿಲ್ಲೆಯನ್ನು ಮೇಲೆ, ಹಬೆ ಹೊರಗೆ ಹೋಗುವ ಕಡೆ ಕೂರಿಸಿದರೆ? ಗಲಾಟೆ ಜಾಸ್ತಿ ಆಗುತ್ತದೆ. ಒಂದೇ ಬಿಲ್ಲೆ, ಒಂದೇ ತೂತು, ಜಾಗ ಮಾತ್ರ ಬೇರೆ.

ಯಾಕೆ ಅನ್ನುವುದು ನನ್ನ ಮಟ್ಟಿಗೆ ಈ ವಿಷಯದ ತಿರುಳು. ಆ ದಿನ ಹೆಚ್ಚು ಹೊತ್ತು ಮಾತಾಡಿದ್ದೂ ಇದರ ಮೇಲೇ.

ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದವರನ್ನು ಕೇಳಿ, ಮದ್ದೂರು, ಮಳವಳ್ಳಿ ಕಡೆಯವರನ್ನು. ಕೆಆರ್‌ಎಸ್‌ನಲ್ಲಿ ಗೇಟು ಎತ್ತಿದ ದಿನವೇ ಅವರಿಗೆ ನೀರು ಮುಟ್ಟುವುದಿಲ್ಲ. ಬರಲು ದಿನಗಳು ಹಿಡಿಯುತ್ತವೆ. ಈಗ ಗೇಟಿನ ಹತ್ತಿರ ಒಬ್ಬನನ್ನು ಕೂರಿಸಿ, ಕೊನೆಯ ಗದ್ದೆ ನೋಡಿಕೊಂಡು ಗೇಟು ಆಡಿಸು ಅಂತ ಹೇಳಿದಿರಿ ಅಂದುಕೊಳ್ಳಿ. ಗದ್ದೆ ಒಣಗಿದೆ ಅಂತ ಸುದ್ದಿ ಬಂತು, ಗೇಟು ಎತ್ತಿದ. ನಾಳೆಯೂ ಒಣಗಿದೆ ಅಂದರು, ಇನ್ನಷ್ಟು ಎತ್ತಿದ. ನಾಲ್ಕನೇ ದಿನ ಎಲ್ಲ ನೀರೂ ಒಟ್ಟಿಗೆ ಬಂದು ಗದ್ದೆ ಕೊಚ್ಚಿಹೋಯಿತು. ಅಯ್ಯೋ ಅಂತ ಗೇಟು ಇಳಿಸಿದ. ಆದರೆ ದಾರಿಯಲ್ಲಿ ಇನ್ನೂ ನಾಲ್ಕು ದಿನದ ನೀರು ಬರುತ್ತಲೇ ಇದೆ. ಪೂರ್ತಿ ಮುಚ್ಚಿದ. ಮುಂದಿನ ವಾರ ಮತ್ತೆ ಬರ. ಗೇಟಿನವನು ಮೋಸ ಮಾಡಲಿಲ್ಲ, ಸೋಮಾರಿಯೂ ಅಲ್ಲ. ಅವನಿಗೆ ಸುದ್ದಿ ತಡವಾಗಿ ಮುಟ್ಟುತ್ತಿದೆ, ಅಷ್ಟೇ.

ಕುದಿಯುವ ಕೊಳವೆಯೊಳಗೆ ನಡೆಯುವುದು ಇದೇ. ಬುಡದಲ್ಲಿ ಹರಿವು ಒಂದು ಕ್ಷಣ ತಗ್ಗಿತು. ಆ ಕ್ಷಣದ ನೀರು ಬೆಂಕಿಯ ಪಕ್ಕ ಸ್ವಲ್ಪ ಜಾಸ್ತಿ ಹೊತ್ತು ಇತ್ತು, ಜಾಸ್ತಿ ಹಬೆಯಾಯಿತು. ಆ ಹಗುರವಾದ ತುಂಡು ಮೆಲ್ಲಗೆ ಮೇಲೇರುತ್ತದೆ. ತುದಿ ತಲುಪಿದಾಗ ಅಲ್ಲಿನ ತಡೆ ಬದಲಾಗುತ್ತದೆ, ಅದರ ಪರಿಣಾಮ ಬುಡಕ್ಕೆ ತಿಳಿಯುತ್ತದೆ. ಅಷ್ಟು ಹೊತ್ತಿಗೆ ಬುಡದ ಪರಿಸ್ಥಿತಿಯೇ ಬೇರೆ. ಹಳೇ ಸುದ್ದಿ ನಂಬಿ ಈಗಿನ ಗೇಟು ಆಡಿಸಿದ ಹಾಗೆ ಹರಿವು ಏರುತ್ತದೆ, ಇಳಿಯುತ್ತದೆ. ಇದಕ್ಕೆ ಸಾಂದ್ರತೆಯ ಅಲೆ ಅನ್ನುತ್ತಾರೆ. ಒಂದು ತೂಗಾಟಕ್ಕೆ ಹಿಡಿಯುವ ಸಮಯ, ನೀರು ಕೊಳವೆ ದಾಟಲು ಹಿಡಿಯುವ ಸಮಯದ ಒಂದರಿಂದ ಎರಡು ಪಟ್ಟು ಇರುತ್ತದೆ. ಗಡಿಯಾರ ಹಿಡಿದು ಎಣಿಸಿದರೆ ಕಾಯಿಲೆ ಯಾವುದು ಅಂತ ಅರ್ಧ ಗೊತ್ತಾಗುತ್ತದೆ. ಬುಡದ ಬಿಲ್ಲೆ ಕೆಲಸ ಮಾಡುವುದು ಯಾಕೆ ಅಂತ ಈಗ ಹೇಳಬಹುದು. ಅಲ್ಲಿ ಬರೀ ನೀರಿದೆ, ಹರಿವು ಬದಲಾದ ಕ್ಷಣವೇ ತಡೆ ಬದಲಾಗುತ್ತದೆ, ಸುದ್ದಿ ತಾಜಾ. ತುದಿಯ ಬಿಲ್ಲೆ ಕೊಡುವುದೆಲ್ಲ ಹಳಸಿದ ಸುದ್ದಿ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಓದುತ್ತಿದ್ದಾಗ ಒಂದು ಕಾಲೇಜಿನ ಲ್ಯಾಬಿನಲ್ಲಿ ಒಂದು ಮೀಟರ್ ಉದ್ದದ ಸ್ಟೀಲ್ ಕೊಳವೆಗೆ ಕರೆಂಟ್ ಕೊಟ್ಟು ನೀರು ಕುದಿಸುತ್ತಿದ್ದೆವು. ಪಂಪಿನ ಹರಿವು ನಿಧಾನವಾಗಿ ಕಡಿಮೆ ಮಾಡುತ್ತಾ ಬಂದೆ. ಪ್ರೆಷರ್ ಗೇಜಿನ ಮುಳ್ಳು ಮೊದಲು ನಡುಗಿತು, ಆಮೇಲೆ ಮೂರು ನಾಲ್ಕು ಸೆಕೆಂಡಿಗೊಮ್ಮೆ ಚೆನ್ನಾಗಿ ತೂಗಲು ಶುರು ಮಾಡಿತು. ನೋಡಲು ಎಷ್ಟು ಚೆಂದ ಅಂದರೆ ನಾನು ನೋಟ್‌ಬುಕ್ ತೆಗೆದು ಎಣಿಸುತ್ತಾ ಕೂತೆ. ಗೆಳೆಯ ಹಿಂದಿನಿಂದ ಕಿರುಚಿದ. ಕೊಳವೆಯ ಮೇಲ್ತುದಿ ಕೆಂಡದ ಬಣ್ಣಕ್ಕೆ ಬಂದಿತ್ತು. ಪ್ರತಿ ತೂಗಾಟದಲ್ಲೂ ಆ ಜಾಗ ಒಂದು ಗಳಿಗೆ ಒಣಗಿ, ಮತ್ತೆ ಒದ್ದೆಯಾಗಿ, ಕೊನೆಗೆ ಒದ್ದೆಯಾಗುವುದನ್ನೇ ಬಿಟ್ಟಿತ್ತು. ಸ್ವಿಚ್ ಆಫ್ ಮಾಡುವಷ್ಟರಲ್ಲಿ ಕೊಳವೆ ಸೊಟ್ಟಗಾಗಿತ್ತು. ಸರಾಸರಿ ಹರಿವು ನೋಡಿದರೆ ಸುಡಬಾರದಿತ್ತು. ಆದರೆ ಕೊಳವೆಗೆ ಸರಾಸರಿ ಗೊತ್ತಿಲ್ಲ, ಆ ಕ್ಷಣಕ್ಕೆ ನೀರು ಇದೆಯೋ ಇಲ್ಲವೋ ಅಷ್ಟೇ ಗೊತ್ತು.

ನನ್ನ ಸೋದರಮಾವ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿದ್ದರು. ಓದಿದ್ದು ಏಳನೇ ಕ್ಲಾಸು. ಕೊಳವೆ ಸುಟ್ಟ ಕತೆ ಹೇಳಿದಾಗ ನಕ್ಕು, "ಲೇ, ನಂಗೂ ಒಂದಪ ಗಾಜು ಸುಳ್ಳು ಹೇಳಿತ್ತು ಕಣ್ಲಾ" ಅಂದರು. ಬಾಯ್ಲರ್ ಡ್ರಮ್ಮಿನಲ್ಲಿ ನೀರು ಎಷ್ಟಿದೆ ಅಂತ ತೋರಿಸುವ ಗೇಜ್ ಗ್ಲಾಸ್ ಇರುತ್ತದೆ. ಮಿಲ್ಲಿನವರು ಇದ್ದಕ್ಕಿದ್ದ ಹಾಗೆ ಹಬೆ ಜಾಸ್ತಿ ಎಳೆದರು. ಗಾಜಿನಲ್ಲಿ ನೀರು ಇಳಿಯಬೇಕು ತಾನೇ? ಏರಿತು. ಒತ್ತಡ ಕುಸಿದಾಗ ನೀರಿನೊಳಗಿನ ಗುಳ್ಳೆಗಳೆಲ್ಲ ಹಿಗ್ಗುತ್ತವೆ, ಹೊಸ ಗುಳ್ಳೆಗಳೂ ಹುಟ್ಟುತ್ತವೆ. ನೀರು ಕಡಿಮೆಯಾಗುತ್ತಿದ್ದರೂ ಮಟ್ಟ ಮೇಲೆ ಬರುತ್ತದೆ. ಹೊಸಬರಾಗಿದ್ದ ಮಾವ ಗಾಜು ನಂಬಿ ನೀರಿನ ವಾಲ್ವ್ ತಗ್ಗಿಸಿದರು. ಪಕ್ಕದಲ್ಲಿದ್ದ ಹಿರಿಯ ಕೈ ಹಿಡಿದು ತಡೆಯದಿದ್ದರೆ ಮುಂದೆ ಡ್ರಮ್ಮು ಒಣಗುತ್ತಿತ್ತು. ಇವತ್ತಿನ ಬಾಯ್ಲರುಗಳಲ್ಲಿ ಮಟ್ಟ ಒಂದನ್ನೇ ನಂಬುವುದಿಲ್ಲ. ಹೋಗುವ ಹಬೆ, ಬರುವ ನೀರು, ಮಟ್ಟ, ಮೂರನ್ನೂ ಕೂಡಿಸಿ ನೋಡಿ ವಾಲ್ವ್ ಆಡಿಸುತ್ತಾರೆ.

ದೊಡ್ಡ ಜಾಗದ ಉದಾಹರಣೆ ಬೇಕೆಂದರೆ ಅಮೆರಿಕದ ಇಲಿನಾಯ್ ರಾಜ್ಯದ ಲಾಸಾಲ್ ಅಣು ವಿದ್ಯುತ್ ಸ್ಥಾವರ. 1988ರ ಮಾರ್ಚ್ 9ರಂದು ಎರಡನೇ ಘಟಕದಲ್ಲಿ ನೀರು ಸುತ್ತಿಸುವ ಎರಡೂ ಪಂಪುಗಳು ನಿಂತವು. ಅದು ರಿಯಾಕ್ಟರಿನೊಳಗೇ ನೀರು ಕುದಿಯುವ ಬಗೆಯದು, ನಮ್ಮ ತಾರಾಪುರದ ಮೊದಲೆರಡು ಘಟಕಗಳ ಹಾಗೆ. ಪಂಪು ನಿಂತ ಮೇಲೆ ನೀರು ತಾನಾಗಿಯೇ ಸುತ್ತುತ್ತಿತ್ತು, ಹರಿವು ಕಡಿಮೆ, ಶಾಖ ಜಾಸ್ತಿ. ಕೆಲವು ನಿಮಿಷದಲ್ಲಿ ರಿಯಾಕ್ಟರಿನ ಶಕ್ತಿಯೇ ಎರಡು ಮೂರು ಸೆಕೆಂಡಿಗೊಮ್ಮೆ ಏರಿಳಿಯತೊಡಗಿತು, ಯಾಕೆಂದರೆ ಅಲ್ಲಿ ಗುಳ್ಳೆ ಜಾಸ್ತಿಯಾದರೆ ಅಣು ಕ್ರಿಯೆ ತಗ್ಗುತ್ತದೆ, ಗುಳ್ಳೆ ಕಡಿಮೆಯಾದರೆ ಏರುತ್ತದೆ. ತಡವಾದ ಸುದ್ದಿಯ ಮೇಲೆ ಇನ್ನೊಂದು ಸುದ್ದಿ. ಪೂರ್ಣ ಶಕ್ತಿಯ 118 ಶೇಕಡಾ ಮುಟ್ಟಿದಾಗ ರಿಯಾಕ್ಟರ್ ತಾನೇ ಆಫ್ ಆಯಿತು, ಅನಾಹುತ ಆಗಲಿಲ್ಲ.

ಒತ್ತಡ ಏರಿಸುವುದೂ ಒಂದು ಮದ್ದು. 70 ಬಾರ್ ಒತ್ತಡದಲ್ಲಿ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ಸಮುದ್ರ ಮಟ್ಟದ ಗಾಳಿಯ ಒತ್ತಡ) ನೀರು ಹಬೆಯಾದರೆ ಹಿಗ್ಗುವುದು ಬರೀ 20 ಪಟ್ಟು. 221 ಬಾರ್ ದಾಟಿದರೆ ನೀರು, ಹಬೆ ಅನ್ನುವ ಭೇದವೇ ಇಲ್ಲ. ವಿಜಯಪುರ ಜಿಲ್ಲೆಯ ಕೂಡಗಿಯ ವಿದ್ಯುತ್ ಸ್ಥಾವರ ಈ ಜಾತಿಯದು. ಆದರೆ ಪ್ರತಿ ಸಲ ಶುರು ಮಾಡುವಾಗ ಕಡಿಮೆ ಒತ್ತಡದಿಂದಲೇ ಮೇಲೇರಬೇಕು, ಆಗ ಹಳೇ ಕಾಟಗಳನ್ನೆಲ್ಲ ದಾಟಲೇಬೇಕು.

ಪ್ರಶ್ನೆಗಳು ನನ್ನ ಮಾತಿಗಿಂತ ಚೆನ್ನಾಗಿದ್ದವು. ಹಿಂದೆ ನಿಂತಿದ್ದ ಹಿರಿಯರೊಬ್ಬರು, "ಸ್ವಾಮಿ, ತೂಬು ಚಿಕ್ಕದು ಮಾಡುದ್ರೆ ಎಲ್ರಿಗೂ ಸಮ ಅಂತೀರಿ. ಒಟ್ಟು ನೀರು ಕಮ್ಮಿ ಆಯ್ತದಲ್ಲ?" ಅಂದರು. ಹೌದು, ಆಗುತ್ತದೆ. ಅಷ್ಟೇ ನೀರು ಬೇಕೆಂದರೆ ಪಂಪು ಜಾಸ್ತಿ ತಳ್ಳಬೇಕು, ಕರೆಂಟ್ ಬಿಲ್ ಜಾಸ್ತಿ. ತೂತು ಎಷ್ಟು ಸಣ್ಣದಿರಬೇಕು ಅನ್ನುವುದರ ಮೇಲೇ ಇಂಜಿನಿಯರುಗಳ ಜಗಳ. ಅವರು ತಲೆಯಾಡಿಸಿದರು, ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ಒಬ್ಬ ಅಮ್ಮ ಆಲೆಮನೆಯಲ್ಲಿ ಕೊಪ್ಪರಿಗೆ ಉಕ್ಕಿದಾಗ ಒಂದು ಹನಿ ಎಣ್ಣೆ ಬಿಟ್ಟರೆ ಇಳಿಯುತ್ತದಲ್ಲ, ಅದು ಹೇಗೆ ಅಂತ ಕೇಳಿದರು. ನೊರೆಯ ಗುಳ್ಳೆಯ ಗೋಡೆ ಬಹಳ ತೆಳು. ಎಣ್ಣೆ ಅದರ ಮೇಲೆ ಹರಡಿದ ಕಡೆ ಬಿಗಿ ಸಡಿಲವಾಗಿ, ಪಕ್ಕದ ಬಿಗಿ ಅದನ್ನು ಎಳೆದು ಹರಿದುಹಾಕುತ್ತದೆ. ಕುದಿ ನಿಲ್ಲುವುದಿಲ್ಲ, ನೊರೆ ಮಾತ್ರ ನಿಲ್ಲುತ್ತದೆ.

ಇನ್ನು ದೋಣಿ. ಅದರ ಹೊಟ್ಟೆಯಲ್ಲಿ ಪುಟ್ಟ ಬಾಯ್ಲರ್, ಅದರಿಂದ ಹಿಂದಕ್ಕೆ ಎರಡು ಕೊಳವೆ. ಬತ್ತಿಯ ಬಿಸಿಗೆ ಬಾಯ್ಲರಿನ ನೀರು ಹಬೆಯಾಗಿ ಕೊಳವೆಯ ನೀರನ್ನು ಹೊರಗೆ ತಳ್ಳುತ್ತದೆ. ಹಬೆ ತಣ್ಣನೆಯ ಕೊಳವೆಗೆ ಬಂದು ನೀರಾದಾಗ ಹೊರಗಿನ ನೀರು ಮತ್ತೆ ಒಳಗೆ ಎಳೆಯಲ್ಪಡುತ್ತದೆ. ಹೊರಗೆ ಹೋಗುವಾಗ ನೇರ ಚಿಮ್ಮುತ್ತದೆ, ಒಳಗೆ ಬರುವಾಗ ಸುತ್ತಲಿಂದ ಬರುತ್ತದೆ, ಅದಕ್ಕೇ ಒಟ್ಟಾರೆ ಮುಂದಕ್ಕೆ. ಬಾಯ್ಲರಿನವರು ಹೆದರುವ ತೂಗಾಟವೇ ಇಲ್ಲಿ ಇಂಜಿನ್ನು. ಥಾಮಸ್ ಪಿಯೋ ಅನ್ನುವವರು 1891ರಲ್ಲೇ ಇದಕ್ಕೆ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದರು. ನನ್ನದು ಓಡದಿರಲು ಕಾರಣ, ಕೊಳವೆಗೆ ನೀರು ತುಂಬಿಸುವುದನ್ನೇ ಗಡಿಬಿಡಿಯಲ್ಲಿ ಮರೆತಿದ್ದೆ. ತೂಗಲು ಒಳಗೆ ನೀರೇ ಇರಲಿಲ್ಲ.

ಒಂದು ತಿದ್ದುಪಡಿ. ಕುಕ್ಕರಿನೊಳಗೂ ಹಬೆ 1600 ಪಟ್ಟು ಹಿಗ್ಗುತ್ತದೆ ಅಂತ ಆವತ್ತು ಹೇಳಿಬಿಟ್ಟೆ. ತಪ್ಪು. ಕುಕ್ಕರಿನಲ್ಲಿ ಒತ್ತಡ ಹೊರಗಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು, ಬಿಸಿ 120 ಡಿಗ್ರಿ ಹತ್ತಿರ, ಅಲ್ಲಿ ಅದು ಸುಮಾರು 840 ಪಟ್ಟು.

ಪೆಟ್ರೋಲ್ ಹಾಕಿ ಅಂದ ಹುಡುಗನಿಗೇ ದೋಣಿ ಕೊಟ್ಟು ಬಂದೆ. ಮನೆಯವರು ಇದನ್ನು ಓದಿದರೆ ಅವನಿಗೆ ಹೇಳಿ: ಬತ್ತಿ ಹಚ್ಚುವ ಮುಂಚೆ ಒಂದು ಕೊಳವೆಗೆ ಸ್ಟ್ರಾದಿಂದ ನೀರು ಬಿಡಬೇಕು, ಇನ್ನೊಂದರಿಂದ ನೀರು ಹೊರಗೆ ಬರುವ ತನಕ. ಆಮೇಲೆ ಎರಡೂ ಕೊಳವೆಯ ಬಾಯಿ ಬೆರಳಿನಿಂದ ಮುಚ್ಚಿಕೊಂಡೇ ನೀರಿಗೆ ಇಳಿಸಬೇಕು.